ಪೈಲ್ವಾನರ ರಕ್ತದಲ್ಲಿ ಸಿಕ್ಕ ಬುತ್ತಿ

ನಮಗೆ ಆಗ ಬೇಕಾಗಿದ್ದದ್ದು ಗಟ್ಟಿಮುಟ್ಟಾದವರ ರಕ್ತ. ರೋಗಿಗಳ ರಕ್ತ ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಬೇಕಾದಷ್ಟಿತ್ತು; ಆಸ್ಪತ್ರೆಗಳು ಕಳಿಸಿಕೊಡುತ್ತಿದ್ದವು. ಅದರ ಪಕ್ಕದಲ್ಲಿಟ್ಟು ಹೋಲಿಸಲು, ಲಿವರ್ ನೆಟ್ಟಗಿರುವ, ಉಂಡದ್ದನ್ನು ಅರಗಿಸಿಕೊಂಡು ನಿದ್ದೆ ಮಾಡುವ ಜನ ಬೇಕಿತ್ತು. ಅಂಥವರು ತಾವಾಗಿಯೇ ಪ್ರಯೋಗಾಲಯದ ಬಾಗಿಲಿಗೆ ಬರುವುದಿಲ್ಲ.

"ಧಾರವಾಡದಾಗ ಎಲ್ಲಾರ್ಕಿಂತ ಗಟ್ಟಿ ಮಂದಿ ಎಲ್ಲಿ ಸಿಗ್ತಾರ?" ಎಂದು ರೆಹಾನಾ ಕೇಳಿದಳು.

"ಗರಡಿಮನ್ಯಾಗ," ಎಂದೆ ನಾನು, ತಮಾಷೆಗೆ.

ನಮ್ಮ ಪ್ರಯೋಗಾಲಯದ ವಿಜ್ಞಾನಿ ರೆಹಾನಾ ಹುಲಗೂರ, ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವವಳಲ್ಲ. ಕಾಲೇಜಿನಿಂದಲೂ ಅವಳನ್ನು ನಾನು ಬಲ್ಲೆ. ಮರುದಿನ ಬೆಳಿಗ್ಗೆ ನಾವಿಬ್ಬರೂ ರಕ್ತ ತುಂಬುವ ನಳಿಕೆಗಳ ಡಬ್ಬಿ ಹಿಡಿದು ಪೈಲ್ವಾನ್ ಫಕ್ಕೀರಪ್ಪ ಕರಡಿಗುಡ್ಡ ಅವರ ಗರಡಿಯ ಮುಂದೆ ನಿಂತಿದ್ದೆವು.

ಇದು ಬುತ್ತಿ ಪರೀಕ್ಷೆ ಔಷಧಿ ಅಂಗಡಿಯಲ್ಲಿ ಸಿಗುವುದಕ್ಕೆ ಬಹಳ ಮುಂಚಿನ ಮಾತು. ಈಗ ಬೆರಳು ಚುಚ್ಚಿಕೊಂಡು, ಒಂದು ಹನಿ ಬಿಟ್ಟು, ಚಹಾ ಕುಡಿಯುವಷ್ಟರಲ್ಲಿ ಫಲಿತಾಂಶ ನೋಡುವವರಿಗೆ ಅದರ ಹಿಂದಿನ ಪರದಾಟ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಸ್ವಲ್ಪ ಹೇಳಿಬಿಡುತ್ತೇನೆ.

ನಮ್ಮ ಮೈಯಲ್ಲಿನ ಜೀವಕೋಶಗಳು ಒಂದಿಷ್ಟು ಪ್ರೋಟೀನು, ಒಂದಿಷ್ಟು ಆರ್‌ಎನ್‌ಎ ಚೂರುಗಳನ್ನು ತಮ್ಮದೇ ಪೊರೆಯ ತುಣುಕಿನಲ್ಲಿ ಸುತ್ತಿ ಸದಾ ಹೊರಗೆ ಬಿಡುತ್ತಿರುತ್ತವೆ. ಒಂದು ತಲೆಗೂದಲಿನ ಅಗಲದಲ್ಲಿ ಸಾಲಾಗಿ ಸುಮಾರು ಸಾವಿರ ಕೂರಬಲ್ಲಂಥ ಪುಟ್ಟ ಗಂಟುಗಳು. ಅವು ರಕ್ತದಲ್ಲಿ ತೇಲಿಹೋಗಿ ಬೇರೆ ಕೋಶಗಳ ಮನೆಬಾಗಿಲು ತಟ್ಟುತ್ತವೆ. ಅವುಗಳಿಗೆ ಉದ್ದನೆಯ ಶಾಸ್ತ್ರೀಯ ಹೆಸರಿದೆ. ರೆಹಾನಾ 'ಬುತ್ತಿ' ಎನ್ನುತ್ತಿದ್ದಳು. ಬುತ್ತಿಗಂಟು ಬಿಚ್ಚಿದರೆ ಅದು ಯಾರ ಮನೆಯ ಅಡುಗೆ ಎಂದು ತಿಳಿಯುತ್ತದಲ್ಲವೇ? ಲಿವರ್‌ನಲ್ಲಿ ಕೆಲವು ಕೋಶಗಳು ಹಾದಿ ತಪ್ಪಿ ಕ್ಯಾನ್ಸರಿನ ಕಡೆ ಹೊರಟರೆ ಅವುಗಳ ಬುತ್ತಿಯ ರುಚಿಯೂ ಬದಲಾಗುತ್ತದೆ. ಕ್ಯಾನ್ಸರಿನ ಗಂಟು ಬೆಳೆದು ಸ್ಕ್ಯಾನಿಂಗಿಗೆ ಕಾಣುವ ಮೊದಲೇ, ಹೊಟ್ಟೆ ನೋಯುವ ಮೊದಲೇ, ರಕ್ತದಿಂದ ಆ ಬುತ್ತಿಯನ್ನು ಹಿಡಿದು ಬಿಚ್ಚಿ ಓದಿದರೆ ಹೇಗೆ? ಅವಳ ಪ್ರಶ್ನೆ ಇಷ್ಟೇ. ಹಿಡಿಯುವ ಬಲೆ ಮಾಡುವುದು ನನ್ನ ಕೆಲಸ. ನಾನು ಪ್ರಹ್ಲಾದ ಗಲಗಲಿ, ಇಂಜಿನಿಯರು. ಉಗುರಿನಗಲದ ಗಾಜಿನ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಕಾಲುವೆಗಳನ್ನು ಕೊರೆದು 'ಜಾಲರಿ' ಎಂಬ ಸಾಧನ ಮಾಡಿದ್ದೆ. ಹಾದಿ ತಪ್ಪಿದ ಕೋಶದ ಪೊರೆಯಿರುವ ಬುತ್ತಿ, ಅಂದರೆ ಕೆಟ್ಟ ಬುತ್ತಿ, ಸಿಕ್ಕಿಬಿದ್ದರೆ ಜಾಲರಿಯಲ್ಲಿ ನೀಲಿ ಚುಕ್ಕೆ ಹೊಳೆಯುತ್ತಿತ್ತು.

ಫಕ್ಕೀರಪ್ಪನವರ ಗರಡಿಯಲ್ಲಿ ಅಭ್ಯಾಸ ಮಾಡುತ್ತಿದ್ದವರೆಲ್ಲ ಹುಡುಗಿಯರು. ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿದ ಕೆಮ್ಮಣ್ಣಿನಲ್ಲಿ ಅವರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರೆ, ಪೈಲ್ವಾನರು ಅಂಚಿನಲ್ಲಿ ಕೂತು ಗುಡುಗುತ್ತಿದ್ದರು. ಅರವತ್ತರ ಆಸುಪಾಸಿನ ಆಳು. ಕುತ್ತಿಗೆಯೇ ಇಲ್ಲವೇನೋ ಎಂಬಂತೆ ಹೆಗಲ ಮೇಲೆ ನೇರವಾಗಿ ಕೂತ ತಲೆ. ನಾವು ಬಂದ ಕಾರಣ ಕೇಳಿ ಅವರಿಗೆ ಖುಷಿಯೋ ಖುಷಿ.

"ಆರೋಗ್ಯದ ರಕ್ತಾ ಬೇಕಂದ್ರ ಮೊದಲ ನಂದ ತಗೋರಿ ಬಾಯಾರ. ಬಾಕಿದಾವ್ರದೆಲ್ಲಾ ನೀರ ಕೂಡಿಸಿದ್ದು," ಎಂದು ತೊಡೆಯಷ್ಟು ದಪ್ಪದ ತೋಳು ಚಾಚಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಚ್ಚಾಗಿದ್ದು ಉಳದ್ರ ಈ ಕಡ್ಡಿ ಸಾಹೇಬ್ರಿಗೆ ಏರಸ್ರಿ. ಪಾಪ!" ಎಂದರು. ಹುಡುಗಿಯರು ನಕ್ಕರು. ನಾನೂ ನಕ್ಕೆ. ಆವತ್ತಿನಿಂದ ಆ ಗರಡಿಯಲ್ಲಿ ನನ್ನ ಹೆಸರು ಕಡ್ಡಿ ಸಾಹೇಬ.

ನಳಿಕೆಗಳ ಮೇಲೆ ಹೆಸರಿರಲಿಲ್ಲ, ಗುರುತಿನ ಸಂಖ್ಯೆ ಮಾತ್ರ. ಒಂದೊಂದಾಗಿ ಜಾಲರಿಗೆ ಹಾಕಿದೆವು. ಅದಕ್ಕೆ ಜೋಡಿಸಿದ ಪರದೆ ಕತ್ತಲೆ, ಕತ್ತಲೆ, ಕತ್ತಲೆ. ನಮಗೆ ಬೇಕಾದದ್ದೂ ಅದೇ. ಊಟಕ್ಕೆ ಏಳೋಣವೆಂದುಕೊಂಡಾಗ ಪರದೆಯ ಮೇಲೆ ನೀಲಿ ಚುಕ್ಕೆಗಳು ಮಿನುಗಿದವು.

"ನಿನ್ನ ಜಾಲರಿ ಕೆಟ್ಟೈತಿ," ಎಂದಳು ರೆಹಾನಾ.

ತೊಳೆದು ಮತ್ತೆ ಹಾಕಿದೆ. ಹೊಸ ಬಿಲ್ಲೆಗೆ ಬದಲಿಸಿ ಹಾಕಿದೆ. ಚುಕ್ಕೆಗಳು ಇದ್ದಲ್ಲೇ ಇದ್ದವು. ಬಿಚ್ಚಿ ಓದಿದರೆ, ಸಂಶಯಕ್ಕೆ ಎಡೆಯಿಲ್ಲದಂತೆ ಲಿವರ್ ಕೋಶಗಳ ಬುತ್ತಿ. ಒಳಗೆ 'ಬೆಳೆ, ಬೆಳೆ' ಎನ್ನುವ ಆರ್‌ಎನ್‌ಎ ಚೂರುಗಳು. ನಿಯಮದಂತೆ ಸಂಸ್ಥೆಯ ವೈದ್ಯರ ಸಮಿತಿಯ ಒಪ್ಪಿಗೆ ಪಡೆದು ಆ ಸಂಖ್ಯೆ ಯಾರದೆಂದು ನೋಡಿದೆವು.

ಪೈಲ್ವಾನರದು.

*

ಸುದ್ದಿ ಹೇಳಲು ಹೋದಾಗ ಅವರು ಪಡಸಾಲೆಯಲ್ಲಿ ಕೂತು ಬಾದಾಮಿ ಸುಲಿಯುತ್ತಿದ್ದರು. ಅವರ ಹೆಂಡತಿ ನೀಲವ್ವ ನಮ್ಮ ಮುಂದೆ ಗಿರ್ಮಿಟ್ ತುಂಬಿದ ತಟ್ಟೆಗಳನ್ನಿಟ್ಟರು. ಎತ್ತರದ, ಮಾತು ಕಡಿಮೆಯ ಹೆಂಗಸು. ರೆಹಾನಾ ತಟ್ಟೆಗೆ ಕೈ ಹಾಕದೆ ಎಲ್ಲವನ್ನೂ ಹೇಳಿದಳು.

ಪೈಲ್ವಾನರು ಗಹಗಹಿಸಿದರು. "ನಳಿಕಿ ಅದಲಿ ಬದಲಿ ಆಗ್ಯಾವ್ರಿ. ಅದು ಕಡ್ಡಿ ಸಾಹೇಬ್ರದ ಇರಬೇಕು."

"ಅವರು ರಕ್ತಾನ ಕೊಟ್ಟಿಲ್ರಿ."

"ಕೊಡಾಕ ಮೈಯಾಗ ಇದ್ರಲ್ಲ!"

ನೀಲವ್ವ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ರೆಹಾನಾಳ ಎದುರು ಕೂತರು. "ಕ್ಯಾನ್ಸರೇನ್ರಿ?"

"ಆಗಾಕ ಹತ್ತೇತ್ರಿ. ಭಾಳ ಸಣ್ಣದು. ಎಲ್ಲಿ ಐತಿ ಅಂತ ನನಗೂ ಗೊತ್ತಿಲ್ಲ."

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಅಲ್ಲಿನ ವೈದ್ಯರು ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಗಂಟಿಲ್ಲ, ಕಲೆಯಿಲ್ಲ. ಲಿವರ್ ಸ್ವಲ್ಪ ಒರಟಾಗಿದೆ, ಅಷ್ಟೇ. ಆದರೆ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದು ಗೊತ್ತಾಯಿತು; ಬಹುಶಃ ಹುಟ್ಟಿದಾಗಿನಿಂದಲೇ ಸದ್ದಿಲ್ಲದೆ ಒಳಗೆ ಕೂತಿತ್ತು. ಅದನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆ ಶುರುಮಾಡಿದರು. ನೀಲವ್ವನಿಗೂ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಖಚಿತವಾದ ಮೇಲೆ ಲಸಿಕೆ ಹಾಕಿದರು. "ಉಳಿದದ್ದಕ್ಕೆ ಆರು ತಿಂಗಳು ಬಿಟ್ಟು ಬನ್ನಿ. ಏನಾದರೂ ಕಂಡರೆ ನೋಡೋಣ," ಎಂದರು.

ಅವರದೇನೂ ತಪ್ಪಿಲ್ಲ. ಕಾಣದ ಗಂಟಿಗೆ ಚಾಕು ಹಾಕುವುದೆಲ್ಲಿ? ಆದರೆ ನಮ್ಮ ಜಾಲರಿಯಲ್ಲಿ ಚುಕ್ಕೆಗಳು ಪ್ರತಿ ಸಲವೂ ಹೆಚ್ಚುತ್ತಿದ್ದವು. ರೆಹಾನಾಳ ಬಳಿ ಚಿಕಿತ್ಸೆಯೊಂದು ಸಿದ್ಧವಿತ್ತು. ಇಲಿಗಳಲ್ಲಿ ಗೆದ್ದಿತ್ತು, ಕೆಲವು ಮಂದಿಯ ಮೇಲೆ ಸುರಕ್ಷತೆಯ ಪರೀಕ್ಷೆಯೂ ಮುಗಿದಿತ್ತು. ಕಣ್ಣಿಗೇ ಕಾಣದ ಕ್ಯಾನ್ಸರಿಗೆ ಮಾತ್ರ ಯಾರೂ ಅದನ್ನು ಕೊಟ್ಟು ನೋಡಿರಲಿಲ್ಲ.

"ಬುತ್ತಿಗೆ ಬುತ್ತೀನ ಔಷಧರಿ," ಎಂದು ಅವಳು ವಿವರಿಸಿದಳು. "ನಿಮ್ಮ ಮೈಯಾಗಿನ ಕೋಶಾನ ತಗೊಂಡು ನಮ್ಮಲ್ಲಿ ಬೆಳಸ್ತೀವಿ. ಅವು ಬುತ್ತಿ ಕಟ್ತಾವ. ಅದರಾಗ 'ಬೆಳಿಯೂದು ಸಾಕು, ನಿಲ್ಲಸು' ಅನ್ನೂ ಸಂದೇಶ ತುಂಬಿ ವಾಪಸ್ ನಿಮ್ಮ ಮೈಯಾಗ ಬಿಡ್ತೀವಿ. ನಿಮ್ಮ ಮನೀದ ಬುತ್ತಿ ಅಂತ ಮೈ ತಕರಾರು ಮಾಡೂದಿಲ್ಲ."

"ಆಗದಿದ್ರ?"

"ಆಗದಿದ್ರ ಈಗ ಇದ್ದಂಗ ಇರ್ತೀರಿ. ಬ್ಯಾರೆ ಅಪಾಯ ಕಡಿಮಿ, ಇಲ್ಲ ಅನ್ನಂಗಿಲ್ಲ. ನಾ ಸುಳ್ಳ ಹೇಳೂದಿಲ್ರಿ."

ಪೈಲ್ವಾನರು ಮುಖ ತಿರುಗಿಸಿ ಕೂತರು. ಆರು ತಿಂಗಳು ಕಾಯೋಣ, ಆಗ ನೋಡಿದರಾಯಿತು ಎಂದು ಗೊಣಗಿದರು. ಆಗ ನೀಲವ್ವ ಮಾತಾಡಿದರು.

"ಹಾಲಿನ ಪಾತೇಲಿ ಒಲಿ ಮ್ಯಾಲ ಐತಿ. ಅಂಚಿಗೆ ನೊರಿ ಬಂದೈತಿ ಅಂತ ಈ ಬಾಯಾರು ಹೇಳಾಕ ಹತ್ಯಾರ. ಉಕ್ಕಿ ಒಲಿ ಆರೂತನಕಾ ನಿಂತು ನೋಡ್ರಿ ಅಂತೀರೇನು ನನಗ?"

ಪೈಲ್ವಾನರು ಮರುದಿನ ಗರಡಿಯಲ್ಲಿ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. ಆವತ್ತು ಮೊದಲ ಬಾರಿ ಅವರ ದನಿ ತಗ್ಗಿದ್ದನ್ನು ಕೇಳಿದೆ.

"ಸಾಹೇಬ್ರ, ಎದುರಿಗಿದ್ದಾಂವ ಎಷ್ಟ ದೊಡ್ಡಾಂವ ಇದ್ರೂ ನನಗ ಅಂಜಿಕಿಲ್ಲ. ಆದ್ರ ಎಲ್ಲಿ ನಿಂತಾನ ಅನ್ನೂದು ಕಾಣಬೇಕ್ರಿ. ಇಂವ ಕಾಣವಲ್ಲ. ರಾತ್ರಿ ಮಲಗಿದ್ರ ಹೊಟ್ಟಿ ಮ್ಯಾಲ ಕೈ ಇಟಗೊಂಡು ಹುಡುಕ್ತೀನಿ."

"ನಮಗೂ ಕಾಣವಲ್ದು," ಎಂದೆ. "ಆದ್ರ ಅಂವ ಕಳಸಿದ ಬುತ್ತಿ ನಮ್ಮ ಕೈಯಾಗ ಅದ. ಅದು ಸುಳ್ಳಲ್ಲ."

ಕಾಲಿನಿಂದ ಮಣ್ಣು ಕೆದರಿದರು. "ಆತು. ಆದ್ರ ಕಸ್ತೂರಿಗೆ ಗೊತ್ತಾಗಬಾರದು."

ಕಸ್ತೂರಿ ಅವರ ಒಬ್ಬಳೇ ಮಗಳು. ಹರಿಯಾಣದ ತರಬೇತಿ ಶಿಬಿರದಲ್ಲಿದ್ದಳು, ದೇಶದ ತಂಡದ ಆಯ್ಕೆಗೆ ಸೆಣಸುತ್ತಿದ್ದಳು. ಸುದ್ದಿ ಕೇಳಿದರೆ ಅರ್ಧಕ್ಕೆ ಬಿಟ್ಟು ಓಡಿಬರುತ್ತಾಳೆ ಎಂಬುದು ಅಪ್ಪನ ಭಯ. ನಾವು ಒಪ್ಪಿಕೊಂಡೆವು.

*

ಪೈಲ್ವಾನರ ಹೊಟ್ಟೆಯ ಕೊಬ್ಬಿನಿಂದ ಚಿಟಿಕೆಯಷ್ಟು ತೆಗೆದು, ಅದರಲ್ಲಿನ ಕಾಂಡಕೋಶಗಳನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿದೆವು. ನೀಲವ್ವ ಒಂದು ದಿನ ನೋಡಲು ಬಂದರು. ಗುಲಾಬಿ ಬಣ್ಣದ ದ್ರವದಲ್ಲಿ ತಮ್ಮ ಗಂಡ ಬೆಳೆಯುತ್ತಿರುವುದನ್ನು ಬಹಳ ಹೊತ್ತು ದಿಟ್ಟಿಸಿ, "ಹೊಟ್ಟಿ ತುಂಬ ಹಾಕ್ತೀರಿಲ್ಲೋ? ಇವರ ಕೋಶ ಅಂದ್ರ ಹಸಿವು ಭಾಳ ಇರತೈತಿ," ಎಂದರು. ನಿಜ ಹೇಳಬೇಕೆಂದರೆ, ಬೇರೆಯವರ ಕೋಶಗಳಿಗಿಂತ ಅವು ಜೋರಾಗಿಯೇ ತಿನ್ನುತ್ತಿದ್ದವು.

ಮೊದಲ ಸರದಿಯ ಬುತ್ತಿಗಳನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಬಿಟ್ಟಾಗ ಪೈಲ್ವಾನರು ಸಲೈನ್ ಬಾಟಲಿಯನ್ನೇ ನೋಡುತ್ತ ಮಲಗಿದ್ದರು. "ಇದರಾಗ ಎಷ್ಟ ಬುತ್ತಿ ಅದಾವ?" ಎಂದರು. ಕೋಟಿ ಕೋಟಿ ಎಂದೆವು. "ಹಂಗಾರ ಸಾಕು. ಜಾತ್ರಿಗೇ ಸಾಕು," ಎಂದು ಕಣ್ಣು ಮುಚ್ಚಿದರು.

ಸಾಕಾಗಲಿಲ್ಲ. ಎರಡು ವಾರದ ನಂತರ ಜಾಲರಿಗೆ ರಕ್ತ ಹಾಕಿದರೆ ನೀಲಿ ಚುಕ್ಕೆಗಳು ಕಡಿಮೆಯಾಗುವುದಿರಲಿ, ತುಸು ಹೆಚ್ಚೇ ಇದ್ದವು. ರೆಹಾನಾ ತಲೆಯ ಮೇಲೆ ಕೈಹೊತ್ತು ಕೂತಳು. ನಮ್ಮ ಬುತ್ತಿಗಳಲ್ಲಿ ಕೆಲವಕ್ಕೆ ಸ್ಕ್ಯಾನಿಂಗಿನಲ್ಲಿ ಹೊಳೆಯುವ ಗುರುತು ಅಂಟಿಸಿದ್ದೆವು. ಅವು ಎಲ್ಲಿ ಹೋದವೆಂದು ಹುಡುಕಿದಾಗ ಗುಟ್ಟು ತಿಳಿಯಿತು. ಲಿವರ್‌ನ ರಕ್ತನಾಳಗಳ ಉದ್ದಕ್ಕೂ ಕಾವಲು ಕೋಶಗಳು ಕೂತಿರುತ್ತವೆ. ಹಾದುಹೋಗುವ ಕಸಕಡ್ಡಿಯನ್ನೆಲ್ಲ ಕಬಳಿಸುವುದೇ ಅವುಗಳ ಕಸುಬು. ನಮ್ಮ ಬುತ್ತಿಗಳನ್ನೂ ಅವು ಗುಳುಂ ಮಾಡಿದ್ದವು. ಹಾದಿ ತಪ್ಪಿದ ಕೋಶಗಳವರೆಗೆ ಹೆಚ್ಚಿನವು ತಲುಪಿಯೇ ಇರಲಿಲ್ಲ.

"ಇಲಿಯೊಳಗ ಹಿಂಗ ಆಗಿರಲಿಲ್ಲ," ಎಂದೆ.

"ಇವರು ಇಲಿ ಅಲ್ಲೋ ಪ್ರಹ್ಲಾದ. ಪೈಲ್ವಾನ್ರು. ಇವರ ಕಾವಲು ಕೋಶಾನೂ ಪೈಲ್ವಾನ್ರ," ಎಂದಳು. ಅವಳ ಬಾಯಲ್ಲಿ ಅಂಥ ಮಾತು ಬಂತೆಂದರೆ ಎಷ್ಟು ಸೋತಿದ್ದಳೆಂದು ನಾನು ಊಹಿಸಿದೆ. ಸಂದೇಶವನ್ನು ಇನ್ನೂ ಗಟ್ಟಿಯಾಗಿ ತುಂಬೋಣವೇ, ಬುತ್ತಿಯ ಪೊರೆ ಬದಲಿಸೋಣವೇ ಎಂದು ವಾರಗಟ್ಟಲೆ ಜಗಳವಾಡಿದೆವು. ಯಾವುದೂ ಹಿಡಿಸಲಿಲ್ಲ.

ಅಷ್ಟರಲ್ಲಿ ಗರಡಿಯಿಂದ ಊಟಕ್ಕೆ ಕರೆ ಬಂತು. ಕಸ್ತೂರಿ ಆಯ್ಕೆಯ ಮೊದಲ ಸುತ್ತು ಗೆದ್ದು, ರಜೆಯ ಮೇಲೆ ಊರಿಗೆ ಬಂದಿದ್ದಳು.

*

ಗರಡಿಯ ಅಂಗಳದಲ್ಲಿ ಚಪ್ಪರ. ಗೋಧಿ ಹುಗ್ಗಿ, ಕಟಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ. ಮೊದಲ ಸಾಲಿನಲ್ಲಿ ಕುಸ್ತಿಯ ಹುಡುಗಿಯರು, ಅವರ ಹಿಂದಿನ ಸಾಲಿನಲ್ಲಿ ಬೀದಿಯವರು, ಕೊನೆಯ ಸಾಲಿನಲ್ಲಿ ನಾವು. ಕಸ್ತೂರಿಯೇ ಹುಗ್ಗಿಯ ಬಕೆಟ್ ಹಿಡಿದು ಬಡಿಸುತ್ತಿದ್ದಳು. ಅಪ್ಪನದೇ ಭುಜ, ಅವ್ವನ ಎತ್ತರ.

ಬಕೆಟ್ ಅಡುಗೆಮನೆಯಿಂದ ತುಂಬಿಕೊಂಡು ಬರುತ್ತಿತ್ತು, ಮೊದಲ ಸಾಲು ದಾಟುವ ಮೊದಲೇ ಖಾಲಿಯಾಗಿ ವಾಪಸ್ ಹೋಗುತ್ತಿತ್ತು. ಮತ್ತೆ ತುಂಬಿ ಬಂತು, ಮತ್ತೆ ಖಾಲಿ. ಹುಡುಗಿಯರು ಉಣ್ಣುವುದನ್ನು ನೋಡುವುದೇ ಒಂದು ಸೊಗಸು. ನನಗಂತೂ ಹೊಟ್ಟೆ ಚುರುಗುಟ್ಟುತ್ತಿತ್ತು. ರೆಹಾನಾ ಖಾಲಿ ಎಲೆಯ ಮುಂದೆ ಕೂತು ಬಕೆಟ್ಟನ್ನೇ ಕಣ್ಣಿನಲ್ಲಿ ಹಿಂಬಾಲಿಸುತ್ತಿದ್ದಳು. ಹಸಿವೆಂದುಕೊಂಡೆ.

ಕೊನೆಗೊಮ್ಮೆ ಮೊದಲ ಸಾಲಿನವರ ಹೊಟ್ಟೆ ತುಂಬಿತು. ಕಸ್ತೂರಿ ಬಕೆಟ್ ತಂದಾಗ ಒಬ್ಬೊಬ್ಬರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ ಅಕ್ಕಾ, ಸಾಕ" ಎಂದರು. ಬಕೆಟ್ ತುಂಬಿದ್ದು ತುಂಬಿದಂತೆಯೇ ಅವರನ್ನು ದಾಟಿ, ಎರಡನೆಯ ಸಾಲಿಗೆ ಬಡಿಸಿಕೊಂಡು, ಖಾಲಿಯಾಗದೆ ನಮ್ಮ ತನಕ ಬಂತು. ಕಸ್ತೂರಿ ರೆಹಾನಾಳ ಎಲೆಗೆ ಒಂದು ಸೌಟು ಬಡಿಸಿದಳು.

ರೆಹಾನಾ ಎದ್ದು ನಿಂತುಬಿಟ್ಟಳು.

"ಪ್ರಹ್ಲಾದ! ಮೊದಲ ಖಾಲಿ ಬುತ್ತಿ ಬಿಡಬೇಕೋ! ಏನೂ ತುಂಬದ ಬುತ್ತಿ! ಪೈಲ್ವಾನ್ರ ಲಿವರ್‌ನ್ಯಾಗಿನ ಕಾವಲು ಕೋಶಕ್ಕ ಮೊದಲ ಹೊಟ್ಟಿ ತುಂಬಸಬೇಕು. ಅವು ಸಾಕು ಅಂದ ಮ್ಯಾಲೆ ಔಷಧದ ಬುತ್ತಿ ಬಿಡೂದು. ಸೀದಾ ಕ್ಯಾನ್ಸರ್ ತನಕಾ ಹೊಕ್ಕಾವ!"

ಕಸ್ತೂರಿಯ ಕೈಯ ಸೌಟು ಹಾಗೆಯೇ ನಿಂತಿತು. ರೆಹಾನಾಳಿಗೆ ತಾನು ಏನು ಹೇಳಿದೆನೆಂದು ಆಗ ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದು ಕುಸಿದು ಕೂತಳು.

"ಯಾರ ಲಿವರ್?" ಎಂದಳು ಕಸ್ತೂರಿ.

ಪೈಲ್ವಾನರು ಕೆಮ್ಮಿದರು. "ಏನಿಲ್ಲ ಮಗಳ. ಸಣ್ಣದೊಂದು..."

"ಸಣ್ಣದಿದ್ರ ಮುಚ್ಚಿಟ್ಟಿದ್ದು ಯಾಕ?" ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. "ನನ್ನ ಬೆರಳು ಮುರಿದಿದ್ದು ನಿನಗ ಹೇಳಲಿಲ್ಲ ಅಂತ ಎಷ್ಟ ದಿನಾ ಮಾತು ಬಿಟ್ಟಿದ್ದಿ? ನೆನಪೈತಿಲ್ಲೋ? ಮೈಗೆ ಏನಾದ್ರೂ ಆದ್ರ ಜೋಡಿದಾರರಿಗೆ ಹೇಳಬೇಕು ಅಂತ ಈ ಎಲ್ಲಾ ಹುಡುಗ್ಯಾರಿಗೂ ದಿನಾ ಬಡ್ಕೋತೀ. ನಾ ಯಾರು ನಿನಗ?"

ಅಷ್ಟು ದೊಡ್ಡ ಆಳು ಎಲೆಯಂಚಿನ ಉಪ್ಪನ್ನು ಬೆರಳಲ್ಲಿ ಗೀರುತ್ತ ಕೂತಿದ್ದರು. ನೀಲವ್ವ ಬಂದು ಮಗಳ ಹೆಗಲ ಮೇಲೆ ಕೈಯಿಟ್ಟರು. "ನನ್ನದೂ ತಪ್ಪೈತಿ. ನಾನೂ ಬಾಯಿ ಮುಚ್ಚಿದ್ದೆ. ಈಗ ಮಂದಿ ಉಣ್ಣಾಕ ಹತ್ಯಾರ, ಬಡಸು. ಆಮ್ಯಾಲ ಜಗಳಾ ಮಾಡೂಣಂತ, ಮೂರೂ ಮಂದಿ ಕುಂತು."

ಕಸ್ತೂರಿ ಕಣ್ಣೊರೆಸಿಕೊಂಡು ಬಕೆಟ್ ಎತ್ತಿದಳು. ರೆಹಾನಾಳ ಎಲೆಗೆ ಇನ್ನೆರಡು ಸೌಟು ಸುರಿದು, "ಉಣ್ರಿ ಬಾಯಾರ. ಉಂಡು ನನಗ ಎಲ್ಲಾ ಹೇಳ್ರಿ. ಒಂದನ್ನೂ ಬಿಡಬ್ಯಾಡ್ರಿ," ಎಂದಳು.

ಆ ಜಗಳ ಸಂಜೆಯ ತನಕ ನಡೆಯಿತಂತೆ. ನೀಲವ್ವ ಆಮೇಲೆ ಹೇಳಿದ್ದು. ಮುಗಿಯುವ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ಒಂದೇ ಟವೆಲಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದರಂತೆ.

*

ಹೊಸ ಕ್ರಮಕ್ಕೆ ಸಮಿತಿಯ ಒಪ್ಪಿಗೆ ಸಿಕ್ಕಿತು. ಕಸ್ತೂರಿ ಶಿಬಿರದಿಂದ ರಜೆ ಮುಂದುವರಿಸಿಕೊಂಡಳು. ಬೆಳಿಗ್ಗೆ ಖಾಲಿ ಬುತ್ತಿಗಳನ್ನು ಬಿಟ್ಟೆವು. ಕಾವಲು ಕೋಶಗಳು ಹೊಟ್ಟೆ ಬಿರಿಯ ತಿಂದವು. ಮಧ್ಯಾಹ್ನ, ಅವು ತೂಕಡಿಸುವ ಹೊತ್ತಿಗೆ, ಸಂದೇಶ ತುಂಬಿದ ಬುತ್ತಿಗಳನ್ನು ಬಿಟ್ಟೆವು. ಹೊಳೆಯುವ ಗುರುತನ್ನು ಈ ಸಲ ಹೆಚ್ಚು ಅಂಟಿಸಿದ್ದೆವು.

ಮರುದಿನ ಸ್ಕ್ಯಾನಿಂಗ್ ಕೋಣೆಯ ಪರದೆಯ ಮುಂದೆ ನಾವೆಲ್ಲ ಗುಂಪುಗೂಡಿದ್ದೆವು. ಬೂದು ಬಣ್ಣದ ಲಿವರ್. ಬಲಭಾಗದ ಆಳದಲ್ಲಿ, ಹಿಂದಿನ ಯಾವ ಚಿತ್ರದಲ್ಲೂ ಏನೂ ಕಾಣದಿದ್ದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಬೆಳಕು. ನಮ್ಮ ಬುತ್ತಿಗಳು ಅಲ್ಲಿ ಹೋಗಿ ಮುತ್ತಿಕೊಂಡಿದ್ದವು.

ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದ ವೈದ್ಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಪೈಲ್ವಾನರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಇವನೇನು?"

"ಹೌದ್ರಿ, ಇವನ," ಎಂದಳು ರೆಹಾನಾ.

"ಇಷ್ಟ ಸಣ್ಣಾವಗ ನಾ ಇಷ್ಟ ಅಂಜಿದ್ನೇನ್ರಿ!" ಎಂದು ಹಣೆ ಚಚ್ಚಿಕೊಂಡರು. ಕೋಣೆಯೆಲ್ಲ ನಕ್ಕಿತು. ಅವರ ಅಂಜಿಕೆ ಆವತ್ತೇ ಇಳಿಯಿತು ಎಂದುಕೊಂಡಿದ್ದೇನೆ. ವೈರಿಗೆ ಒಂದು ಜಾಗ ಸಿಕ್ಕಿತ್ತು.

ಆದರೆ ನಮ್ಮ ಅಂಜಿಕೆ ಬಾಕಿಯಿತ್ತು. ಆ ವಾರದ ಕೊನೆಗೆ ಪೈಲ್ವಾನರಿಗೆ ಜ್ವರ ಬಂತು. ರಕ್ತ ತಂದು ಜಾಲರಿಗೆ ಹಾಕಿದೆ. ಪರದೆ ಪೂರ್ತಿ ನೀಲಿ. ಚುಕ್ಕೆಗಳನ್ನು ಬಿಡಿಬಿಡಿಯಾಗಿ ಎಣಿಸುವುದೇ ಸಾಧ್ಯವಿರಲಿಲ್ಲ. ಅಷ್ಟು ಕೆಟ್ಟ ಬುತ್ತಿಯನ್ನು ನಾನು ದೊಡ್ಡ ಗಂಟಿದ್ದ ರೋಗಿಗಳಲ್ಲೂ ಕಂಡಿರಲಿಲ್ಲ.

ಕಸ್ತೂರಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನನ್ನ ಮುಖ ನೋಡಿದಳು, ಪರದೆ ನೋಡಿದಳು. "ಹೆಚ್ಚಾತೇನ್ರಿ?"

ನಾನು ಪರದೆಯನ್ನು ಅತ್ತ ತಿರುಗಿಸಲು ಹೋದೆ.

"ನೀವು ಮುಚ್ಚಿಡಬ್ಯಾಡ್ರಿ," ಎಂದಳು. ಮೆಲ್ಲಗೇ ಹೇಳಿದಳು, ಆದರೆ ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ಹೆಚ್ಚಾಗೇದವ್ವಾ. ಯಾಕಂತ ಗೊತ್ತಿಲ್ಲ."

ರೆಹಾನಾ ಬುತ್ತಿಗಳನ್ನು ಬಿಚ್ಚಿ ಓದಲು ಕೂತಳು. ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಕಸ್ತೂರಿ ಬಾಗಿಲ ಬಳಿ ನಿಂತೇ ಇದ್ದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. ನಾನು ಚಹಾ ಮಾಡಿದೆ, ಯಾರೂ ಕುಡಿಯಲಿಲ್ಲ. ಆರಿದ ಮೇಲೆ ಇನ್ನೊಮ್ಮೆ ಮಾಡಿದೆ.

ಕಡೆಗೆ ರೆಹಾನಾ ಕುರ್ಚಿ ಹಿಂದಕ್ಕೆ ತಳ್ಳಿದಳು. ಅವಳ ಕಣ್ಣು ತುಂಬಿತ್ತು.

"ಬೆಳೆ ಅನ್ನೂ ಸಂದೇಶ ಒಂದರಾಗೂ ಇಲ್ಲೋ," ಎಂದಳು. "ಒಂದರಾಗೂ ಇಲ್ಲ! ಬರೇ ಹರಕು ಚಿಂದಿ. ಹರಿದ ಡಿಎನ್‌ಎ, ಮುರಿದ ಪ್ರೋಟೀನು. ಸಾಯೂ ಕೋಶದಾಗ ಏನೇನ ಇರತೈತಿ, ಎಲ್ಲಾ ಐತಿ." ಕಸ್ತೂರಿಯ ಕಡೆ ತಿರುಗಿದಳು. "ಮನಿ ಬೀಳೂ ಮುಂದ ಮಂದಿ ಕೈಗೆ ಸಿಕ್ಕಿದ್ದು ಗಂಟು ಕಟ್ಟಿ ಹೊರಗ ಒಗಿತಾರ ನೋಡು, ಹಂಗ. ಈ ಬುತ್ತಿ ಎಲ್ಲಾ ಸಾಯಾಕ ಹತ್ತಿದ ಕ್ಯಾನ್ಸರ್ ಕೋಶದ್ದು. ಜ್ವರಾನೂ ಅದಕ್ಕ ಬಂದದ್ದು."

"ಅಂದ್ರ ಅಪ್ಪಾ..."

"ನಿಮ್ಮಪ್ಪ ಗೆಲ್ಲಾಕ ಹತ್ಯಾರ."

ಕಸ್ತೂರಿ ಎರಡೇ ಹೆಜ್ಜೆಗೆ ಕೋಣೆ ದಾಟಿ ಬಂದು ರೆಹಾನಾಳನ್ನು ನೆಲದಿಂದ ಎತ್ತಿಬಿಟ್ಟಳು. ಆಮೇಲೆ ನನ್ನನ್ನೂ ಎತ್ತಿದಳು. ಕಡ್ಡಿ ಸಾಹೇಬನನ್ನು ಎತ್ತಲು ಅವಳಿಗೆ ಒಂದೇ ಕೈ ಸಾಕಾಯಿತು.

*

ನಾಲ್ಕನೆಯ ದಿನಕ್ಕೆ ಜ್ವರ ಇಳಿಯಿತು. ಜಾಲರಿಯಲ್ಲಿ ನೀಲಿ ದಿನೇದಿನೇ ತೆಳುವಾಗುತ್ತ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಪರದೆ ಕತ್ತಲೆಯಾಯಿತು. ನಂಬಿಕೆ ಬಾರದೆ ನಾನು ಬಿಲ್ಲೆ ಬದಲಿಸಿ ನೋಡಿದೆ. ಕತ್ತಲೆಯೇ. ಮತ್ತೊಂದು ತಿಂಗಳು ಬಿಟ್ಟು, ಅದರ ಮುಂದಿನ ತಿಂಗಳು ಬಿಟ್ಟು ನೋಡಿದಾಗಲೂ ಕತ್ತಲೆ. ಗುರುತು ಹಚ್ಚಿದ ಬುತ್ತಿ ಬಿಟ್ಟು ಸ್ಕ್ಯಾನ್ ಮಾಡಿದರೆ ಅವು ಎಲ್ಲಿಯೂ ಮುತ್ತಿಕೊಳ್ಳಲಿಲ್ಲ, ಕೆಲಸವಿಲ್ಲದವರಂತೆ ಊರೆಲ್ಲ ಸುತ್ತಿ ಕರಗಿಹೋದವು. ವೈರಸ್ಸಿನ ಮಾತ್ರೆ ಮಾತ್ರ ಬಿಡುವಂತಿಲ್ಲ ಎಂದು ವೈದ್ಯರು ತಾಕೀತು ಮಾಡಿದರು. ಅದನ್ನು ನುಂಗಿಸುವ ಕೆಲಸ ನೀಲವ್ವನ ಪಾಲಿಗೆ ಬಂತು.

ನೀಲವ್ವ ಅಷ್ಟಕ್ಕೇ ನಿಲ್ಲಲಿಲ್ಲ. ಮಾತು ಕಡಿಮೆ ಎಂದೆನಲ್ಲ, ಅದನ್ನೀಗ ಹಿಂದಕ್ಕೆ ತೆಗೆದುಕೊಳ್ಳಬೇಕು. ಗಲ್ಲಿಯ ಒಬ್ಬೊಬ್ಬರ ಮನೆಗೂ ಹೋಗಿ, ಒಳಗಿದ್ದವರನ್ನು ಹೊರಗೆ ಕರೆದು, "ಲಿವರ್ ಸುಮ್ಮ ಕುಂತೈತಿ ಅಂತ ಸುಮ್ಮ ಕುಂದರಬ್ಯಾಡ್ರಿ" ಎಂದು ಗದರಿಸಿ ನಮ್ಮ ಪ್ರಯೋಗಾಲಯಕ್ಕೆ ಅಟ್ಟತೊಡಗಿದರು. ಜನರೇ ತಾವಾಗಿ ಬಾಗಿಲಿಗೆ ಬರುವಂತಾಯಿತು. ಅವರ ದೆಸೆಯಿಂದ ಬೀದಿಯಲ್ಲಿ ಇನ್ನಿಬ್ಬರ ರಕ್ತದಲ್ಲಿ ವೈರಸ್ ಸಿಕ್ಕಿ, ಸಕಾಲಕ್ಕೆ ಮಾತ್ರೆ ಶುರುವಾಯಿತು. ಬೇರೆ ಊರಿನ ಆಸ್ಪತ್ರೆಗಳೂ ಜಾಲರಿ ಕೇಳಿದವು. ಖಾಲಿ ಬುತ್ತಿಯ ಉಪಾಯ ನಾಲ್ಕಾರು ದೇಶಗಳಿಗೆ ಹೋಯಿತು. ಈಗ ಅದನ್ನು ಎಲ್ಲರೂ 'ಮೊದಲ ಪಂಕ್ತಿ' ಎಂದೇ ಕರೆಯುತ್ತಾರೆ. ಜಪಾನ್‌ನಿಂದ ಬಂದಿದ್ದ ವಿಜ್ಞಾನಿಯೊಬ್ಬರು ಆ ಎರಡು ಪದಗಳನ್ನು ಉಚ್ಚರಿಸಲು ಪಟ್ಟ ಪಾಡು ನೋಡಿ ರೆಹಾನಾ ಕೂಡ ನಕ್ಕಳು.

ಆ ವರ್ಷದ ಕೊನೆಯಲ್ಲಿ ಕಸ್ತೂರಿ ಏಷ್ಯಾ ಮಟ್ಟದ ಪಂದ್ಯಕ್ಕೆ ಹೋದಳು. ಸೆಮಿಫೈನಲ್ಲಿನಲ್ಲಿ ಸೋತು, ಕಂಚು ಗೆದ್ದು ಬಂದಳು. ಸ್ಟೇಷನ್ನಿನಿಂದ ಮೆರವಣಿಗೆಯಲ್ಲಿ ಗರಡಿಗೆ ಬಂದವಳು ಹಾರಗಳನ್ನು ತೆಗೆದು ಅವ್ವನ ಕೊರಳಿಗೆ ಹಾಕಿದಳು. ಪೈಲ್ವಾನರು ಎಂದಿನ ಜಾಗದಲ್ಲಿ ಕೂತು, ಸೆಮಿಫೈನಲ್ಲಿನಲ್ಲಿ ಅವಳ ಎಡಗಾಲು ಎಲ್ಲಿ ತಪ್ಪಿತೆಂದು ಗುಡುಗತೊಡಗಿದರು.

ಕಸ್ತೂರಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ರೆಹಾನಾಳ ಕಡೆ ತಿರುಗಿದಳು. "ಬಾಯಾರ, ಅಪ್ಪನ ಮೈ ಪೂರಾ ಆರಾಮ ಆಗೇತಿ ಹೌದಿಲ್ಲೋ?"

"ಪೂರಾ ಆಗೇತಿ. ಯಾಕ?"

"ಹಂಗಾರ ಬಾ ಅಪ್ಪಾ, ಮಣ್ಣಿಗೆ ಇಳಿ. ಎಡಗಾಲು ಎಲ್ಲಿ ಇಡಬೇಕಂತ ತೋರಸು."

ಹುಡುಗಿಯರು ಸಿಳ್ಳೆ ಹಾಕಿದರು. ಪೈಲ್ವಾನರು ಅಂಗಿ ಕಳಚಿ, ನೆಲ ಮುಟ್ಟಿ ನಮಸ್ಕರಿಸಿ, ತೊಡೆ ತಟ್ಟಿ ಇಳಿದರು. ಹಿಡಿತಕ್ಕೆ ಹಿಡಿತ, ಹೆಗಲಿಗೆ ಹೆಗಲು. ಅಪ್ಪ ತಳ್ಳಿದರೆ ಮಗಳು ಜಗ್ಗುವಳು. ರೆಹಾನಾ ಅಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತ, "ಬಲಗಡೆ ಮುಟ್ಟಬ್ಯಾಡ! ಕಸ್ತೂರಿ, ಲಿವರ್ ಬಲಗಡೆ ಇರತೈತಿ!" ಎಂದು ಕೂಗುತ್ತಿದ್ದಳು. ನೀಲವ್ವ ಕೊರಳ ತುಂಬ ಹಾರ ಹಾಕಿಕೊಂಡು, "ಮುಟ್ಟು! ಏನಾಗೂದಿಲ್ಲ, ಮುಟ್ಟು!" ಎನ್ನುತ್ತಿದ್ದರು.

ಕಸ್ತೂರಿ ಬಗ್ಗಿದಳು. ಅಪ್ಪನ ಸೊಂಟಕ್ಕೆ ಕೈ ಹಾಕಿ, ಎಡಗಾಲನ್ನು ಊರಿ, ಒಂದೇ ಉಸಿರಿಗೆ ಎತ್ತಿ ತಿರುಗಿಸಿದಳು. ಕೆಮ್ಮಣ್ಣಿನಲ್ಲಿ ಧೊಪ್ಪೆಂದು ಸದ್ದಾಯಿತು. ಪೈಲ್ವಾನ್ ಫಕ್ಕೀರಪ್ಪ ಕರಡಿಗುಡ್ಡ ಅಂಗಾತ ಬಿದ್ದಿದ್ದರು, ಎರಡೂ ಭುಜ ಮಣ್ಣಿಗೆ ಹತ್ತಿದ್ದವು.

ಹುಡುಗಿಯರು ಅಂಚಿಗೆ ನುಗ್ಗಿದರು.

ಅವರು ಹಾಗೇ ಮಲಗಿ ಮಗಳನ್ನು ನೋಡಿದರು. ಮೀಸೆಯ ಮೇಲೆ ಮಣ್ಣು, ಹಣೆಯ ಮೇಲೆ ಮಣ್ಣು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಗರಡಿಯೆಲ್ಲ ತುಂಬುವಂಥ ನಗು ಹೊರಬಂತು. ಎದ್ದು ಕೂರಲು ಅವರು ಕೈ ಚಾಚಿದರು. ಕಸ್ತೂರಿ ಹಿಡಿದು ಎಬ್ಬಿಸಿದಳು.

"ಎಡಗಾಲು ಸರಿ ಬಿತ್ತು," ಎಂದರು ಪೈಲ್ವಾನರು, ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ. "ಇನ್ನೊಮ್ಮೆ."